ಅರ್ಜಿಯ ನಾಲ್ಕನೆಯ ಪ್ರಶ್ನೆ

ಯುಟ್ರೆಕ್ಟ್,
೧೮ ಮೇ ೨೦೨೧, ಮಂಗಳವಾರ

ಪ್ರೀತಿಯ ನಿಮಗೆ,

ಇವತ್ತು ಬೆಳಿಗ್ಗೆ ಮೂಲೆಯ ತುರ್ಕಿ ಅಂಗಡಿಗೆ ಕೊತ್ತಂಬರಿ ತರಲು ಹೋಗಿದ್ದೆ. ಒಂದೂವರೆ ಮೀಟರ್ ದೂರ ನಿಲ್ಲಲೆಂದು ನೆಲಕ್ಕೆ ಅಂಟಿಸಿದ ಹಳದಿ ಹೆಜ್ಜೆಗಳಿವೆಯಲ್ಲ, ಅವುಗಳಲ್ಲಿ ಎಡಗಾಲಿನವೆಲ್ಲ ಸವೆದು ಕಿತ್ತುಹೋಗಿವೆ, ಬಲಗಾಲಿನವು ಮಾತ್ರ ಹೊಸದರಂತೆ ಉಳಿದಿವೆ. ವರ್ಷವಿಡೀ ಈ ಬೀದಿಯ ಜನ ಎಡಗಾಲಿನ ಮೇಲೆ ಭಾರ ಹಾಕಿ ಕಾದಿದ್ದಾರೆ ಎಂದು ಕಾಣುತ್ತದೆ. ಇದನ್ನು ಫೋನಿನಲ್ಲಿ ಹೇಳಿದ್ದರೆ ನೀವು ‘ಅದಿರಲಿ, ಕೊತಂಬ್ರಿ ಸಿಕ್ತೋ ಇಲ್ಲೋ’ ಅನ್ನುತ್ತಿದ್ದಿರಿ. ಸಿಕ್ಕಿತು. ಎರಡು ಕಟ್ಟು ತಂದೆ, ಒಬ್ಬಳಿಗೆ ಒಂದೇ ಸಾಕೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಅತ್ತೆಯವರು ಹೇಗಿದ್ದಾರೆ? ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಮೊನ್ನೆ ಆಮ್ಲಜನಕ ತೊಂಬತ್ತೈದು ತೋರಿಸಿತು ಎಂದಿರಿ, ಅದು ಹಾಗೇ ನಿಂತಿದೆಯೇ? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ದಿನಕ್ಕೆ ಎರಡು ಸಲ ಬೋರಲು ಮಲಗಬೇಕು ಎಂದಿದ್ದಾರಲ್ಲ, ಅವರು ಸುಲಭಕ್ಕೆ ಒಪ್ಪುವವರಲ್ಲ. ‘ನಾ ಏನ್ ಸಣ್ಣ ಕೂಸೇನು’ ಅನ್ನುತ್ತಿರಬೇಕು. ಪಕ್ಕದಲ್ಲಿ ಕುಳಿತು ಏನಾದರೂ ಓದಿ ಹೇಳಿ, ಓದು ಮುಗಿಯುವ ತನಕ ಮಲಗಿರುತ್ತಾರೆ. ನಿಮ್ಮ ಕೆಮ್ಮು ಹೇಗಿದೆ? ಕೆಮ್ಮು ಬಂದಾಗ ನೀವು ಫೋನಿನ ಮೈಕು ಮುಚ್ಚುತ್ತೀರಿ, ಗದುಗಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಗುತ್ತದೆ. ನಿನ್ನೆ ಹತ್ತು ನಿಮಿಷದಲ್ಲಿ ಹಾಗೆ ಏಳು ಸಲ ಆಯಿತು. ಭಾರತದಿಂದ ಬರುವ ವಿಮಾನಗಳನ್ನು ಇಲ್ಲಿನ ಸರಕಾರ ಇನ್ನೂ ಬಿಟ್ಟಿಲ್ಲ. ಬಿಟ್ಟ ದಿನವೇ ಹೊರಡಬೇಡಿ, ಪೂರ್ತಿ ಗುಣವಾಗಿ ಬನ್ನಿ.

ನನ್ನ ಆರೋಗ್ಯ ಚೆನ್ನಾಗಿದೆ. ದಿನಾ ಮಾತಾಡುವವಳು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸುತ್ತದೆ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ಹೇಳಬೇಕಾದ ಮಾತೆಲ್ಲ ಸರಿಯಾದ ಕ್ರಮದಲ್ಲಿ ನಾಲಿಗೆಗೆ ಬರುತ್ತದೆ. ಅಂಚೆಗೆ ಹಾಕಿದರೆ ಇದು ನಿಮಗೆ ಯಾವಾಗ ಸಿಗುತ್ತದೋ ದೇವರೇ ಬಲ್ಲ, ಆದ್ದರಿಂದ ಪುಟಗಳ ಫೋಟೋ ತೆಗೆದು ಕಳಿಸುತ್ತೇನೆ. ದಯವಿಟ್ಟು ಒಬ್ಬರೇ ಇದ್ದಾಗ ಓದಿ.

ನಾಡಿದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನಲ್ಲಿ ನಮ್ಮ ದೂರಿನ ವಿಚಾರಣೆ, ನೀವು ಊರಿನಲ್ಲಿರುವುದರಿಂದ ನಿಮ್ಮ ಪರವಾಗಿ ನಾನು ಮಾತಾಡಬೇಕೆಂದು ಗೊತ್ತಾಗಿದೆ. ಮುಂದಿನದರಲ್ಲಿ ನಿಮಗೆ ಗೊತ್ತಿರುವ ಸಂಗತಿಯೇ ಬಹಳ ಇದೆ. ಬೇಸರಿಸಬೇಡಿ, ಮೊದಲಿನಿಂದ ಬರೆದುಕೊಂಡು ಬಂದರೆ ಮಾತ್ರ ನಾನು ಕೊನೆಯ ಮಾತಿಗೆ ತಲುಪುತ್ತೇನೆ.

ನಾವು ಈ ಮನೆಗೆ ಬಂದ ದಿನ ನೆನಪಿದೆಯೇ? ಬಾಗಿಲು ತೆಗೆದರೆ ನೆಲವೇ ಇರಲಿಲ್ಲ. ಬರೀ ಸಿಮೆಂಟು, ಹಿಂದಿನವರು ಹಾಸುಹಲಗೆಯನ್ನೆಲ್ಲ ಕಿತ್ತು ಹೊತ್ತುಕೊಂಡು ಹೋಗಿದ್ದರು, ದೀಪದ ಜಾಗದಲ್ಲಿ ಎರಡೆರಡು ತಂತಿ. ಈ ದೇಶದಲ್ಲಿ ಬಾಡಿಗೆ ಮನೆಯೆಂದರೆ ಹೀಗೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಮುಖ ನೋಡಿ ನೀವು ‘ಗ್ವಾಡಿ ಅರೆ ಬಿಟ್ಟಾರಲ್ಲ, ಪುಣ್ಯಾ’ ಎಂದಿರಿ, ಈ ದೇಶದಲ್ಲಿ ನಾನು ಮೊದಲು ನಕ್ಕದ್ದು ಆಗ. ನೆಲಕ್ಕೆ, ಪರದೆಗೆ, ಮಂಚಕ್ಕೆ, ಒಲೆಗೆ ಎಂದು ಒಂಬತ್ತು ಸಾವಿರ ಯೂರೋ ಸಾಲ ಬೇಕಾಯಿತು. ಕನ್ನಡ ಕೂಟದಲ್ಲಿ ಪರಿಚಯವಾದ ಮುರಳೀಧರ ಸಾಲ ಕೊಡಿಸುವ ಕಚೇರಿಯಲ್ಲಿ ಸಲಹೆಗಾರರಾಗಿದ್ದರು. ೨೦೨೦ರ ಜನವರಿಯ ಒಂದು ಶನಿವಾರ ಕಾಗದಗಳ ಕಟ್ಟು ಹಿಡಿದು ನಮ್ಮ ಮನೆಗೇ ಬಂದರು. ಸಾಲದ ಜೊತೆಗೆ ಒಂದು ವಿಮೆಯೂ ಇತ್ತು. ‘ಕೆಲಸ ಹೋದ್ರೆ ಕಂತು ಅವರೇ ಕಟ್ತಾರೆ ಸಾರ್, ನೆಮ್ಮದಿಯಾಗಿ ನಿದ್ದೆ ಮಾಡ್ಬಹುದು’ ಎಂದರು. ಅದರ ಪೂರ್ತಿ ಪ್ರೀಮಿಯಂ ಸಾವಿರದ ಆರುನೂರ ನಲವತ್ತು ಯೂರೋ ಸಾಲಕ್ಕೇ ಸೇರಿತು, ಅದಕ್ಕೂ ಬಡ್ಡಿ ಕಟ್ಟುತ್ತಿದ್ದೇವೆ.

ಕೆಲಸ ಹೋಯಿತು. ಜುಲೈ ಕೊನೆಗೆ ನಿಮ್ಮ ಒಪ್ಪಂದ ಮುಗಿಯಿತು, ಸಾಂಕ್ರಾಮಿಕದ ಕಾರಣ ಹೇಳಿ ಕಂಪನಿ ಮುಂದುವರಿಸಲಿಲ್ಲ. ವಿಮೆಯವರಿಗೆ ಬರೆದರೆ ‘ಖಾಯಂ ನೌಕರಿ ಇದ್ದವರಿಗೆ ಮಾತ್ರ’ ಎಂದು ಎರಡು ಸಾಲಿನ ಉತ್ತರ ಬಂತು. ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕಾಗಿದ್ದ ಆ ಬೇಸಿಗೆಯಲ್ಲಿ ನೀವು ತೆಳ್ಳಗಾಗಿ ಉಂಗುರ ಬೆರಳಿನಿಂದ ಜಾರಿ ಎರಡು ಸಲ ತೊಳೆಯುವ ಬಟ್ಟೆಯಲ್ಲಿ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಈಗಿನ ಕೆಲಸ ಸಿಕ್ಕಿತು. ಅದಾದ ಮೇಲೆ ನಿಮಗೆ ಸಿಟ್ಟು ಬಂತು, ಬಂದದ್ದು ನ್ಯಾಯವೇ. ನಿಮ್ಮದು ಮೊದಲ ದಿನದಿಂದಲೂ ಒಂದೊಂದೇ ವರ್ಷಕ್ಕೆ ಮುಂದುವರಿಸುವ ಒಪ್ಪಂದ. ಆ ವಿಮೆ ನಿಮಗೆ ಯಾವ ಕಾಲಕ್ಕೂ ಒಂದು ಪೈಸೆ ಕೊಡುವಂತಿರಲಿಲ್ಲ. ಕೊಡಲಾಗದ್ದನ್ನು ಮಾರಿದ್ದಾರೆ, ದುಡ್ಡು ಹಿಂತಿರುಗಿಸಲಿ ಎಂದು ಹಣಕಾಸಿನ ದೂರು ಸಮಿತಿಗೆ ದೂರು ಕೊಟ್ಟಿರಿ.

ಡಿಸೆಂಬರಿನಲ್ಲಿ ಸಾಲ ಕೊಟ್ಟವರು ನಮ್ಮ ಅರ್ಜಿಯ ಪ್ರತಿಯನ್ನೇ ಕಳಿಸಿದರು. ಎರಡನೆಯ ಪುಟದ ನಾಲ್ಕನೆಯ ಪ್ರಶ್ನೆ, ನಿಮ್ಮ ನೌಕರಿ ಖಾಯಮೋ ಅವಧಿಯದೋ. ಖಾಯಂ ಎಂಬ ಚೌಕದಲ್ಲಿ ಕತ್ತರಿ ಗುರುತು. ಕೊನೆಯ ಪುಟದಲ್ಲಿ ನಿಮ್ಮ ಸಹಿ. ಸುಳ್ಳು ಹೇಳಿದವರು ನೀವು, ಆದ್ದರಿಂದ ನಯಾಪೈಸೆ ಇಲ್ಲ ಎಂಬ ಉತ್ತರ. ನೀವು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಿರಿ. ‘ಇದು ನಾ ಹಾಕಿದ್ದಲ್ಲ. ಆ ಮುರಳಿನ ಕಮಿಷನ್ ಸಲುವಾಗಿ ಹಾಕ್ಯಾನ. ನೀ ನೋಡಿದೇನು?’ ಎಂದು ಕೇಳಿದಿರಿ. ನಾನು ಕಡಲೆಬೇಳೆ ತೊಳೆಯುತ್ತಿದ್ದೆ. ನೀರು ನಿಲ್ಲಿಸಲಿಲ್ಲ, ಉತ್ತರ ಕೊಡಲಿಲ್ಲ. ನೀವು ಅದನ್ನು ‘ಇಲ್ಲ’ ಎಂದುಕೊಂಡಿರಿ. ಅವತ್ತೇ ರಾತ್ರಿ ನಿಮ್ಮ ಹೇಳಿಕೆಯಲ್ಲಿ ‘ಆಗ ನನ್ನ ಹೆಂಡತಿ ಅಡುಗೆಮನೆಯಲ್ಲಿದ್ದಳು’ ಎಂದು ಬರೆದಿರಿ.

ನಾನು ಅಡುಗೆಮನೆಯಲ್ಲಿ ಇರಲಿಲ್ಲ. ಎರಡನೆಯ ಪುಟ ತುಂಬಿದವಳು ನಾನು.

ಇದಿಷ್ಟು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಆ ಶನಿವಾರ ಮುರಳೀಧರ ಕಾಗದ ಹರಡಿ ಕುಳಿತ ಸ್ವಲ್ಪ ಹೊತ್ತಿಗೆ ನಿಮ್ಮ ಆಫೀಸಿನಿಂದ ಕರೆ ಬಂತು. ಏನೋ ಸರ್ವರ್ ಕೆಟ್ಟಿತ್ತು. ನೀವು ಕೊನೆಯ ಪುಟ ತೆಗೆದು ಸಹಿ ಹಾಕಿ, ‘ಉಳದದ್ದು ನೀವ ನೋಡಿಕೋರಿ’ ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಮುರಳೀಧರ ಪೆನ್ನು ನನ್ನ ಕಡೆ ಚಾಚಿ, ‘ನೀವೇ ತುಂಬಿಬಿಡಿ ಮೇಡಂ, ನನ್ನ ಅಕ್ಷರ ಕಾಗೆ ಕಾಲು. ಯಾರೂ ಇದನ್ನ ಓದಲ್ಲ, ಸುಮ್ನೆ ಫಾರ್ಮಾಲಿಟಿ’ ಎಂದರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮೂರಿನಲ್ಲಿ ನಾನು ಹೈಸ್ಕೂಲಿನಿಂದಲೂ ಇದೇ ಕೆಲಸ ಮಾಡಿದವಳು. ಓಣಿಯವರು ರೇಷನ್ ಕಾರ್ಡಿನದೋ ಬ್ಯಾಂಕಿನದೋ ಅರ್ಜಿ ತಂದು, ಮೊದಲು ಹೆಬ್ಬೆಟ್ಟು ಒತ್ತಿ ಅಥವಾ ಸಹಿ ಮಾಡಿ, ‘ತಂಗಿ, ಬರದ ಇಟ್ಟಿರು, ಸಂಜಿಕ ಒಯ್ತೀನಿ’ ಎಂದು ಸಂತೆಗೆ ಹೋಗುತ್ತಿದ್ದರು. ಸಹಿ ಮೊದಲು, ಬರಹ ಆಮೇಲೆ. ಎಂ.ಎ. ಓದುವಾಗ ರಜೆಗೆ ಬಂದರೂ ಅದು ತಪ್ಪುತ್ತಿರಲಿಲ್ಲ. ಸಹಿ ಹಾಕಿದವನೇ ಪ್ರತಿ ಗುರುತಿಗೂ ಹೊಣೆ ಎಂಬ ಯೋಚನೆ ಅಲ್ಲಿ ಯಾರಿಗೂ ಬಂದಿರಲಿಲ್ಲ, ನನಗೂ ಬರಲಿಲ್ಲ.

ಮೊದಲ ಸಾಲಿನಲ್ಲಿ ಹೆಸರು ಬರೆಯಬೇಕಿತ್ತು. ಮದುವೆಯಾಗಿ ಏಳು ತಿಂಗಳಾಗಿದ್ದರೂ ನಿಮ್ಮ ಹೆಸರನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಪ್ರಕಾಶ ರುದ್ರಪ್ಪ ಹಡಗಲಿ ಎಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಒಂದೊಂದು ಮನೆಗೆ ಒಂದೊಂದು ಅಕ್ಷರದಂತೆ ಬರೆದೆ. ಕಿವಿ ಬಿಸಿಯಾಗಿತ್ತು. ನೀವು ನೋಡಿದ ನನ್ನ ಬರಹವೆಂದರೆ ಕನ್ನಡದ ಸಾಮಾನಿನ ಚೀಟಿ, ಹಾಗಾಗಿ ಡಿಸೆಂಬರಿನಲ್ಲಿ ನಿಮಗೆ ಗುರುತು ಸಿಗಲಿಲ್ಲ. ಮುರಳೀಧರ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುತ್ತ ಹೋದರು. ನಾಲ್ಕನೆಯದು, ‘ಸಾರ್‌ದು ಕೆಲಸ ಪರ್ಮನೆಂಟ್ ತಾನೆ?’ ನಾನು ಹೌದೆಂದೆ. ‘ಹಾಗಾದ್ರೆ ಮೊದಲನೇ ಚೌಕ’ ಎಂದರು. ಹಾಕಿದೆ.

ಯಾಕೆ ಹೌದೆಂದೆ ಎಂಬುದು ಮುಖ್ಯ. ನಮ್ಮ ಮನೆಯ ನಡುಮನೆಯಲ್ಲಿ ಮಾತುಕತೆ ನಡೆದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ‘ಹುಡುಗನ ನೌಕರಿ ಖಾಯಂ ಏನ್ರಿ?’ ನಿಮ್ಮ ಕಾಕಾ ಹೇಳಿದರು, ‘ಖಾಯಂ ಅಂದ್ರ ಖಾಯಂ. ಆ ದೇಶದಾಗ ಒಮ್ಮೆ ತಗೊಂಡ್ರ ತಗಿಯೂದ ಇಲ್ಲ. ನಿಮ್ಮ ಮಗಳು ಅಲ್ಲೇ ಮುದುಕಿ ಆಗ್ತಾಳ ನೋಡ್ರಿ.’ ಎಲ್ಲರೂ ನಕ್ಕರು. ನಾನು ಬಾಗಿಲ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದೆ, ಸಂದಿಯಿಂದ ನಿಮ್ಮ ಮುಖ ಕಾಣುತ್ತಿತ್ತು. ನೀವು ತಲೆ ಎತ್ತಿ ಕಾಕಾನ ಕಡೆ ನೋಡಿದಿರಿ, ಏನೋ ಹೇಳಲು ಬಾಯಿ ತೆರೆದಿರಿ, ಆಮೇಲೆ ಅವಲಕ್ಕಿಯ ತಟ್ಟೆ ಎತ್ತಿಕೊಂಡಿರಿ. ಅದು ನಾಚಿಕೆ ಎಂದುಕೊಂಡು ನನಗೆ ಅವತ್ತು ನೀವು ಇಷ್ಟವಾದಿರಿ. ಒಂದೂವರೆ ವರ್ಷದ ನಂತರ, ಒಪ್ಪಂದ ಮುಗಿಯಿತು ಎಂದು ನೀವು ಹೇಳಿದ ದಿನ, ಆ ತೆರೆದ ಬಾಯಿ ಏನು ಹೇಳಹೊರಟಿತ್ತೆಂದು ನನಗೆ ತಿಳಿಯಿತು. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಇದರಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದವರಲ್ಲ. ಅಪ್ಪ ಅವತ್ತು ‘ಆಕಿಗೆ ಕಾಲೇಜಿನ್ಯಾಗ ಕೆಲಸ ಆಗೇತ್ರಿ’ ಎಂದಿದ್ದರು. ಅರ್ಜಿ ಹಾಕಿದ್ದೆ ಅಷ್ಟೆ, ಕರೆಯೇ ಬಂದಿರಲಿಲ್ಲ. ನಾನೂ ಬಾಗಿಲ ಹಿಂದೆ ಸುಮ್ಮನಿದ್ದೆ.

ಡಿಸೆಂಬರಿನಲ್ಲಿ ನಾನೇ ಹಾಕಿದ್ದೆಂದು ಹೇಳಿದ್ದರೆ ನೀವು ‘ನಿನಗ ಯಾರ ಹೇಳಿದ್ರು ಖಾಯಂ ಅಂತ’ ಎಂದು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ಹೆದರಿ ಸುಮ್ಮನಾದೆ. ನನ್ನ ಮೌನದ ಮೇಲೆ ನೀವು ಒಂದು ಹೇಳಿಕೆ ಬರೆದಿರಿ, ಅದರ ಮೇಲೆ ಸಾಲ ಕೊಟ್ಟವರ ವಕೀಲರ ಪತ್ರ ಬಂತು, ಅದರ ಮೇಲೆ ಮುರಳೀಧರರ ಕಚೇರಿ ವಿವರಣೆ ಕೇಳಿತು. ಈಗ ಅದು ಎಲ್ಲಿಗೆ ಮುಟ್ಟಿದೆಯೆಂಬುದು ನಿಮಗೆ ಗೊತ್ತಿಲ್ಲ.

ಭಾನುವಾರ ಭಾವನಾ ಬಂದಿದ್ದಳು. ಮುರಳೀಧರರ ಹೆಂಡತಿ, ನಮ್ಮ ಮನೆಯ ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲ ತಂದುಕೊಟ್ಟವಳು. ಮೇಲೆ ಬರಲಿಲ್ಲ, ಸೈಕಲ್ ಹಿಡಿದುಕೊಂಡು ಕೆಳಗೇ ನಿಂತು ಕರೆದಳು. ಕಾಲುವೆಯ ದಂಡೆಯ ಮೇಲೆ ಇಬ್ಬರೂ ದೂರ ದೂರ ನಡೆದೆವು, ನಡುವೆ ಅವಳ ಸೈಕಲ್. ‘ಇವ್ರನ್ನ ಆಫೀಸಿಂದ ಮನೇಲಿ ಕೂರ್ಸಿದ್ದಾರೆ ನೀಲಾ. ನಿಮ್ಮ ಕೇಸು ಮುಗಿಯೋವರೆಗೂ ಸಂಬಳ ಬರುತ್ತೆ. ಇವರೇ ಗುರುತು ಹಾಕಿದ್ದು ಅಂತ ಆದ್ರೆ ಸರ್ಟಿಫಿಕೇಟ್ ಹೋಗುತ್ತೆ, ಕೆಲಸ ಹೋಗುತ್ತೆ, ವೀಸಾನೂ ಹೋಗುತ್ತೆ’ ಎಂದಳು. ‘ನಿಮ್ಮೋರು ಹೇಳ್ತಾರೆ ಇವರೇ ಬರ್ಕೊಂಡ್ರು ಅಂತ. ಇವ್ರು ಹೇಳ್ತಾರೆ ನಿಮ್ಮೋರೇ ಎದುರಿಗೆ ಕೂತು ತುಂಬಿದ್ರು ಅಂತ. ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಿರಬೇಕು ತಾನೆ? ನೀನು ಅವತ್ತು ಮನೇಲೇ ಇದ್ಯಲ್ಲ.’ ಇಬ್ಬರದೂ ಸುಳ್ಳೆಂದು ಹೇಳಬೇಕಿತ್ತು. ಅರ್ಜಿದಾರನಲ್ಲದವರ ಕೈಗೆ ಪೆನ್ನು ಕೊಡಬಾರದೆಂಬ ನಿಯಮ ಇರಬೇಕು, ಅದಕ್ಕೇ ಅವರು ನನ್ನ ಹೆಸರು ಎತ್ತಿಲ್ಲ ಎಂದು ನನಗೆ ಹೊಳೆಯಿತು. ಅವಳು, ‘ನಿನ್ನ ಬಾಯಿಂದ ಮಾತು ತೆಗೆಸೋದು ಅಂದ್ರೆ ಚಹಾ ಜೊತೆ ಒಂದೇ ಬಿಸ್ಕತ್ತು ಕೊಡೋ ಡಚ್ಚರ ಮನೇಲಿ ಎರಡನೇದು ಕೇಳಿದ ಹಾಗೆ’ ಎಂದು ನಗಲು ನೋಡಿದಳು. ಮಾಸ್ಕಿನ ಮೇಲೆ ಕಣ್ಣು ನಗಲಿಲ್ಲ. ಸೈಕಲ್ ಹತ್ತಿದವಳು ಹಿಂತಿರುಗಿ ನೋಡದೆ ಹೋದಳು.

ಅವತ್ತು ಸಂಜೆ ಕಡತದ ಪೆಟ್ಟಿಗೆ ತೆಗೆದೆ. ಅರ್ಜಿಯ ಜೊತೆ ಲಗತ್ತಿಸಿದ ಕಾಗದಗಳ ಪ್ರತಿಗಳೆಲ್ಲ ಅದರಲ್ಲಿವೆ. ನಿಮ್ಮ ಹಳೆಯ ಕಂಪನಿ ಕೊಟ್ಟ ನೌಕರಿಯ ಪತ್ರವೂ ಇದೆ. ಆ ಶನಿವಾರ ನಾನೇ ಅದನ್ನು ಕಪಾಟಿನಿಂದ ತೆಗೆದು ಮುರಳೀಧರರಿಗೆ ಕೊಟ್ಟಿದ್ದೆ, ಆಗ ನನಗೆ ಅದರಲ್ಲಿ ನಿಮ್ಮ ಹೆಸರೊಂದು ಬಿಟ್ಟು ಏನೂ ಓದಲು ಬರುತ್ತಿರಲಿಲ್ಲ. ಈ ವರ್ಷವೆಲ್ಲ ಜೂಮಿನಲ್ಲಿ ಕಲಿತ ಡಚ್ ಈಗ ಉಪಯೋಗಕ್ಕೆ ಬಂತು. ಮೂರನೆಯ ಸಾಲಿನಲ್ಲೇ ಇದೆ, ಅವಧಿಯ ನೌಕರಿ, ೩೧ ಜುಲೈ ೨೦೨೦ರ ತನಕ. ಅಂದರೆ ನಾನು ತಪ್ಪು ಚೌಕದಲ್ಲಿ ಗುರುತು ಹಾಕುವಾಗ ಸರಿಯಾದ ಉತ್ತರ ಮೇಜಿನ ಮೇಲೆಯೇ ಇತ್ತು. ಅವರು ಅದನ್ನು ನೋಡಬೇಕಿತ್ತು. ನೋಡುವುದೇ ಅವರ ಕೆಲಸ. ಅವರ ಮೇಲಿನ ಕಚೇರಿಯವರೂ, ಸಾಲ ಕೊಟ್ಟವರೂ ಅದೇ ಪತ್ರ ನೋಡಿ ಸಾಲ ಮಂಜೂರು ಮಾಡಿದ್ದಾರೆ. ಸಂಬಳ ಎಷ್ಟೆಂದು ನೋಡಿದರು, ಎಲ್ಲಿಯ ತನಕ ಎಂಬುದನ್ನು ಮಾತ್ರ ಬಿಟ್ಟರು.

ಇದರಿಂದ ನಾವು ಗೆಲ್ಲುತ್ತೇವೋ ಸೋಲುತ್ತೇವೋ ನನಗೆ ಗೊತ್ತಿಲ್ಲ. ‘ಹೆಂಡತಿಯೇ ಸುಳ್ಳು ತುಂಬಿದಳು’ ಎಂದು ದೂರನ್ನು ಮುಚ್ಚಿಬಿಡಬಹುದು. ‘ಪತ್ರ ಕೈಯಲ್ಲಿದ್ದೂ ಮಾರಿದಿರಿ’ ಎಂದು ದುಡ್ಡು ಹಿಂದಕ್ಕೆ ಕೊಡಿಸಲೂಬಹುದು. ಮುರಳೀಧರರಿಗೂ ಏನೋ ಶಿಕ್ಷೆ ಆಗುತ್ತದೆ, ಆದರೆ ಮಾಡದ ತಪ್ಪಿಗಲ್ಲ, ಮಾಡಿದ್ದಕ್ಕೆ. ಹೋದ ವಾರ ದೂರು ಸಮಿತಿಯಿಂದ ಪ್ರಶ್ನೆಗಳ ಪಟ್ಟಿ ಬಂತೆಂದು ಹೇಳಿದೆನಲ್ಲ, ಅದರ ಮೊದಲ ಪ್ರಶ್ನೆಯೇ ‘ಎರಡನೆಯ ಪುಟವನ್ನು ತುಂಬಿದವರು ಯಾರು’ ಎಂಬುದು. ನಿಮಗೆ ಓದಿ ಹೇಳಿದಾಗ ನೀವು ‘ನೀ ಅಡಿಗಿಮನ್ಯಾಗ ಇದ್ದಿ, ಮುರಳಿ ಒಬ್ಬನ ಕುಂತು ಬರದಾ. ಇಷ್ಟ ಹೇಳು, ಮುಗೀತು’ ಎಂದಿರಿ. ನಾನು ಹೂಂ ಎಂದೆ. ನೀವು ಸುಳ್ಳು ಹೇಳಿಸುತ್ತಿಲ್ಲ, ಅದೇ ನಿಜವೆಂದು ನಂಬಿದ್ದೀರಿ. ನಂಬುವಂತೆ ಮಾಡಿದವಳು ನಾನು. ಡಿಸೆಂಬರಿನಿಂದ ನೀವು ಊರಿಗೆ ಹೊರಡುವ ತನಕ ಈ ಮನೆಯಲ್ಲಿ ನಿಮ್ಮ ಎದುರು ಕುಳಿತು ಊಟ ಮಾಡಿದ್ದೇನೆ, ಪ್ರತಿ ಸಲ ಆ ಕಡತ ಮೇಜಿನ ಮೇಲೆ ಬಂದಾಗ ಏನೋ ನೆಪ ಮಾಡಿ ಎದ್ದಿದ್ದೇನೆ. ‘ಇಷ್ಟ್ಯಾಕ ಹೆದರ್ತಿ, ಜೈಲಿಗೇನ್ ಹಾಕೂದಿಲ್ಲ’ ಎಂದು ನೀವು ನಗುತ್ತಿದ್ದಿರಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕಾಕಾನ ಮಾತಿಗೆ ಅಡ್ಡ ಹೇಳುವುದು ಅಷ್ಟು ಜನರ ನಡುವೆ ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಂದೊಂದು ವರ್ಷದ ಒಪ್ಪಂದವೆಂದು ನೀವು ಆಮೇಲಾದರೂ ಹೇಳಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲವೇ? ಬರುತ್ತಿದ್ದೆ. ಇದನ್ನು ನಿಮಗೆ ಯಾವತ್ತೋ ಹೇಳಬೇಕಿತ್ತು. ಗುರುವಾರ ಅಪರಿಚಿತರ ಎದುರು ನಾನು ‘ಖಾಯಂ ಎಂದು ನನಗೆ ಮದುವೆಯ ಮಾತುಕತೆಯಲ್ಲಿ ಹೇಳಿದ್ದರು’ ಎನ್ನಬೇಕಾಗುತ್ತದೆ. ಆ ಮಾತು ನಿಮಗೆ ಮೊದಲ ಸಲ ಕಂಪ್ಯೂಟರಿನ ಪರದೆಯಿಂದ ತಲುಪಬಾರದೆಂದೇ ಈ ಪತ್ರ.

ಅತ್ತೆಯವರಿಗೆ ನನ್ನ ಶರಣು ತಿಳಿಸಿ. ಅವರ ಮಾತ್ರೆಯ ಡಬ್ಬಿಯ ಮೇಲೆ ಕನ್ನಡದಲ್ಲಿ ಬೆಳಿಗ್ಗೆ, ರಾತ್ರಿ ಎಂದು ಬರೆದು ಅಂಟಿಸಿ, ಬಣ್ಣ ನೋಡಿ ಅವರಿಗೆ ತಿಳಿಯುವುದಿಲ್ಲ. ಮನೆಯ ಹಿರಿಯರಿಗೆಲ್ಲ ನಮಸ್ಕಾರ, ಕಾಕಾನಿಗೂ. ನೀವು ಬಿಸಿನೀರೇ ಕುಡಿಯಿರಿ. ಬೇಗ ಗುಣವಾಗಿ ಬನ್ನಿ, ಬಂದ ಮೇಲೆ ಎಷ್ಟು ಬೇಕಾದರೂ ಬಯ್ಯಿರಿ, ಆಗ ಎದ್ದು ಅಡುಗೆಮನೆಗೆ ಹೋಗುವುದಿಲ್ಲ.

ನಿಮ್ಮ
ನೀಲಾಂಬಿಕಾ

ತಾ.ಕ.: ಅವಸರದಲ್ಲಿ ಇದೊಂದು. ನಿಮ್ಮ ಪರವಾಗಿ ಮಾತಾಡಲು ನೀವು ನನಗೆ ಕೊಟ್ಟ ಅಧಿಕಾರಪತ್ರ ಇಟ್ಟುಕೊಂಡು ನಾನು ಏನು ಹೇಳಿದರೂ ಅದು ನಿಮ್ಮ ಮಾತಾಗುತ್ತದೆಯಂತೆ. ನನಗೆ ಬೇಕಾಗಿರುವುದು ನನ್ನ ಮಾತು. ಆದ್ದರಿಂದ ಅಧಿಕಾರಪತ್ರ ಹಿಂದಕ್ಕೆ ಕೊಡುತ್ತೇನೆ, ನನ್ನನ್ನು ಸಾಕ್ಷಿಯಾಗಿ ಕೇಳಿ, ಎರಡನೆಯ ಪುಟ ತುಂಬಿದವಳು ನಾನು ಎಂದು ಸಮಿತಿಗೆ ಮೂರು ಸಾಲು ಮೇಲ್ ಮಾಡಿದ್ದೇನೆ. ನಿಮ್ಮ ಪರ ಮಾತಾಡಲು ಗುರುವಾರ ನೀವೇ ಬರಬೇಕು, ಗದುಗಿನಲ್ಲಿ ಆಗ ಮಧ್ಯಾಹ್ನ ಒಂದೂವರೆ. ಲಿಂಕು ನಿಮಗೂ ಕಳಿಸುತ್ತಾರೆ. ನೆಟ್‌ವರ್ಕಿಗೆ ಮಾಳಿಗೆ ಹತ್ತಿ, ಬಿಸಿಲಿಗೆ ತಲೆಗೆ ಟವೆಲ್ ಹಾಕಿಕೊಳ್ಳಿ. ಮೇಲ್ ಹೋದದ್ದು ಹನ್ನೊಂದು ಗಂಟೆಗೆ, ಈ ಪತ್ರ ಬರೆಯಲು ಕೂರುವ ಮೊದಲು. ನಿಮಗೆ ಮೊದಲು ತಿಳಿಸಿದ್ದರೆ ನೀವು ಫೋನ್ ಮಾಡುತ್ತಿದ್ದಿರಿ, ನಾನು ಹೂಂ ಅಂದುಬಿಡುತ್ತಿದ್ದೆ.